ಫಿಕರ್ ಬರೆಯುವ ನೋಟ್‌ಬುಕ್

ನಮ್ಮ ಬೀದರ್ ಕಡೆ ಚಿಂತೆಗೆ ಮನೆಮಾತಿನ ಹೆಸರು ಫಿಕರ್. ನಮ್ಮ ಕ್ರೈಸ್ತ ಹಾಸ್ಟೆಲಿಗೆ ಹೊಸದಾಗಿ ಬಂದ ಮಕ್ಕಳು ಟ್ರಂಕಿನ ಜೊತೆಗೆ ಅದನ್ನೂ ಹೊತ್ತು ತರುತ್ತಿದ್ದರು. ಅಪ್ಪ ಅವ್ವ ಹೈದರಾಬಾದಿಗೋ ಮುಂಬೈಗೋ ಗುಳೆ ಹೋಗಿದ್ದಾರೆ, ತೊಗರಿಗೆ ನೆಟೆ ರೋಗ ಬಿದ್ದಿದೆ, ಗಣಿತದ ಪೇಪರ್ ಹತ್ತಿರ ಬಂತು. ಆಗ ವಾರ್ಡನ್ ಅಕ್ಕೋರು ಹೇಳುತ್ತಿದ್ದ ಮಾತು ಆ ಕಾಲದ ಎಲ್ಲ ಮಕ್ಕಳಿಗೂ ಬಾಯಿಪಾಠ: "ಫಿಕರ್ ಮಾಡಬ್ಯಾಡ ಅಂದ್ರ ಫಿಕರ್ ಹೋಗಲ್ಲ. ಯಾವುದರ ಫಿಕರ್ ಅಂತ ಮೊದಲು ಬರಿ." ಹಾಸ್ಟೆಲಿನ ಮೈದಾನ, ಗಂಟೆ, ಬೇವಿನ ಮರದ ನೆನಪನ್ನು ಬೇರೆಯವರು ಬರೆಯಲಿ. ಫಿಕರ್ ಬರೆಯುವ ಆ ನೋಟ್‌ಬುಕ್ಕಿನ ಪದ್ಧತಿ ಈಗಿನ ಮಕ್ಕಳ ಕೈಗೆ ಸೇರಲಿ ಎಂಬುದು ನನ್ನ ಆಸೆ.

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಪುಟವನ್ನು ಉದ್ದಕ್ಕೆ ಮಡಚಿ ನಡುವೆ ಗೆರೆ ಮೂಡಿಸಬೇಕು. ರಾತ್ರಿ ಊಟ ಮುಗಿದ ಮೇಲೆ, ಹಾಸಿಗೆಗೆ ಹೋಗುವ ಮೊದಲು, ಹದಿನೈದು ನಿಮಿಷ ಕೂತು ಬರೆಯುವುದು. ಎಡಗಡೆ ಚಿಂತೆ, ಒಂದೊಂದೂ ಒಂದೇ ವಾಕ್ಯದಲ್ಲಿ. "ಪರೀಕ್ಷೆ ಭಯ" ಎಂದು ಬರೆದರೆ ಅಕ್ಕೋರು ಒಪ್ಪುತ್ತಿರಲಿಲ್ಲ. "ತ್ರಿಕೋನಮಿತಿಯ ಲೆಕ್ಕ ಬರುವುದಿಲ್ಲ, ಸೋಮವಾರ ಟೆಸ್ಟ್ ಇದೆ" ಎನ್ನುವಷ್ಟು ಬಿಡಿಸಿ ಬರೆಯಬೇಕು. ಬಲಗಡೆ ಎರಡು ಸಾಲು: ಇದರಲ್ಲಿ ನಾಳೆ ನನ್ನ ಕೈಯಲ್ಲಿ ಆಗುವ ಕೆಲಸ ಯಾವುದು, ದೇವರಲ್ಲಿ ಬೇಡುವುದು ಏನು. ಮೂರಕ್ಕಿಂತ ಹೆಚ್ಚು ಚಿಂತೆ ಒಂದು ರಾತ್ರಿಗೆ ಬೇಡ. ಕೊನೆಗೆ ಆ ದಿನವೇ ಸಿಕ್ಕ ಮೂರು ಒಳ್ಳೆಯದಕ್ಕೆ ಸ್ತೋತ್ರ, ಅಂದರೆ ದೇವರಿಗೆ ಕೃತಜ್ಞತೆ. ಬರೆದದ್ದನ್ನು ಮೆಲುದನಿಯಲ್ಲಿ ಓದಿ ಆಮೆನ್ ಹೇಳಿ ಮುಚ್ಚುವುದು.

ಇದರ ಬೇರು ಬೈಬಲಿನಲ್ಲಿ, ಅಪೊಸ್ತಲ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯ, 6 ಮತ್ತು 7ನೆಯ ವಚನಗಳಲ್ಲಿದೆ. ಪೌಲನು ಚಿಂತೆ ಮಾಡಬೇಡಿ ಎಂದು ಹೇಳಿ ಅಷ್ಟಕ್ಕೇ ಬಿಡುವುದಿಲ್ಲ. ಪ್ರಾರ್ಥನೆ, ವಿಜ್ಞಾಪನೆ, ಕೃತಜ್ಞತೆ ಮೂರನ್ನೂ ಸೇರಿಸಿ, ಬೇಕಾದದ್ದನ್ನು ದೇವರಿಗೆ ತಿಳಿಸಿ ಎನ್ನುತ್ತಾನೆ. ಅವನು ಇದನ್ನು ಬರೆದದ್ದು ಸೆರೆಯಲ್ಲಿದ್ದುಕೊಂಡು. ಮುಂದಿನ ವಚನದಲ್ಲಿ ದೇವಶಾಂತಿಯು ಹೃದಯವನ್ನು "ಕಾಯುವುದು" ಎನ್ನುವಾಗ ಮೂಲದ ಗ್ರೀಕ್ ಪದ ಕಾವಲು ಪಡೆ ಇಡುವುದಕ್ಕೆ ಹೇಳುವ ಪದ. ಫಿಲಿಪ್ಪಿ ರೋಮನ್ ನಿವೃತ್ತ ಸೈನಿಕರು ನೆಲೆಸಿದ್ದ ಊರು, ಅಲ್ಲಿಯವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂರು ಕಂದಕಗಳ ಕೋಟೆ ನೋಡುತ್ತ ಬೆಳೆಯುವ ಬೀದರಿನ ಮಕ್ಕಳಿಗೂ ಬೇಕಾಗಿಲ್ಲ.

ಬೇಡಲು ಮಾತು ಸಿಗದ ರಾತ್ರಿಗೆ 13ನೆಯ ಕೀರ್ತನೆ. ಬರೀ ಆರು ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ದೇವರು ಮರೆತನೆಂಬ ದೂರು ಅದು, ಮುಚ್ಚುಮರೆ ಇಲ್ಲ. ಮೂರು, ನಾಲ್ಕರಲ್ಲಿ ಬೇಡಿಕೆ. ಐದು, ಆರರಲ್ಲಿ ಭರವಸೆ. ಮಕ್ಕಳು ಮಾಡುವ ತಪ್ಪು ನೇರವಾಗಿ ಐದನೆಯ ವಚನಕ್ಕೆ ಜಿಗಿಯುವುದು. ದೂರು ಹೇಳದೆ ನುಂಗಿದರೆ ಅದು ಒಳಗೇ ಉಳಿದು ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತದೆ. ಈ ಕೀರ್ತನೆಯ ದಾವೀದನಿಗೆ ದೇವರು ಕೊಟ್ಟ ಸಲಿಗೆ ನಿಮಗೂ ಇದೆ.

ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯವನ್ನು ಎಲ್ಲರೂ ಓದುತ್ತಾರೆ, ಅರ್ಧ ಓದುತ್ತಾರೆ. ಆಕಾಶದ ಹಕ್ಕಿ ಬಿತ್ತುವುದಿಲ್ಲ ಕೊಯ್ಯುವುದಿಲ್ಲ, ನಿಜ. ಆದರೆ ಜೋಳ ತೆನೆಗಟ್ಟಿದಾಗ ಹೊಲದಲ್ಲಿ ನಿಂತು ನೋಡಿದವರಿಗೆ ಗೊತ್ತು, ಹಕ್ಕಿ ಬೆಳಗಾಗುವ ಮೊದಲೇ ಹೊರಟಿರುತ್ತದೆ. ಯೇಸು ಕೆಲಸ ಬಿಡಿ ಎನ್ನಲಿಲ್ಲ. ಚಿಂತೆಯಿಂದ ಒಂದು ಮೊಳವೂ ಕೂಡುವುದಿಲ್ಲ, ನಾಳೆಯ ಪಾಡು ನಾಳೆಗೆ ಎಂದನು. ಬಲಗಡೆ "ನಾಳೆ ಮಾಡುವ ಕೆಲಸ" ಎಂಬ ಸಾಲು ಇರುವುದು ಇದಕ್ಕೇ. "ದೇವರು ನೋಡಿಕೊಳ್ಳುತ್ತಾನೆ" ಎಂದು ಬರೆದು ತ್ರಿಕೋನಮಿತಿ ಬಿಟ್ಟರೆ ಸೋಮವಾರ ಚಿಂತೆ ದುಪ್ಪಟ್ಟಾಗಿರುತ್ತದೆ.

ಪದ್ಧತಿ ಕೆಡುವುದು ಎಲ್ಲಿ? ಪ್ರಾರ್ಥನೆಯೇ ಚಿಂತೆಯ ಪುನರಾವರ್ತನೆ ಆಗುವುದು ಎಲ್ಲಕ್ಕಿಂತ ಸಾಮಾನ್ಯ. ಅರ್ಧ ಗಂಟೆ ಕಣ್ಣು ಮುಚ್ಚಿ ಕೆಟ್ಟದ್ದನ್ನೇ ದೇವರಿಗೆ ವರದಿ ಮಾಡಿ, ಬೇಡಿಕೆ ಒಂದನ್ನೂ ಇಡದೆ ಏಳುತ್ತೇವೆ. ಅದಕ್ಕೇ ಬರವಣಿಗೆ, ಅದಕ್ಕೇ ಹದಿನೈದು ನಿಮಿಷದ ಮಿತಿ. ಪಾಸಾದರೆ ಇಷ್ಟು ಕಾಣಿಕೆ ಎಂಬ ಹರಕೆಯ ಲೆಕ್ಕವೂ ಬೇಡ. ಹರಕೆ ತೀರಿಸುವುದೇ ಹೊಸ ಫಿಕರ್ ಆಗುತ್ತದೆ. ಇನ್ನು ಕೆಲವರು ಚಿಂತೆ ಬಂದದ್ದೇ ಅವಿಶ್ವಾಸ, ಪಾಪ ಎಂದು ಹೆದರುತ್ತಾರೆ. ಯೇಸು ತನ್ನನ್ನು ಹಿಡಿಯುವ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದನು. ಒಮ್ಮೆ ಒಪ್ಪಿಸಿದ್ದು ಮತ್ತೆ ಮನಸ್ಸಿಗೆ ಬಂದರೆ ನೀವು ಸೋತಿದ್ದೀರಿ ಎಂದಲ್ಲ. 1 ಪೇತ್ರ 5:7ರಲ್ಲಿ ಚಿಂತೆಯನ್ನು ಆತನ ಮೇಲೆ "ಹಾಕಿರಿ" ಎನ್ನುವ ಕ್ರಿಯಾಪದವೇ, ಲೂಕ 19:35ರಲ್ಲಿ ಶಿಷ್ಯರು ಕತ್ತೆಮರಿಯ ಮೇಲೆ ಬಟ್ಟೆ ಹಾಕಿದ ಕಡೆಯೂ ಬರುತ್ತದೆ. ಬಟ್ಟೆ ಜಾರಿದರೆ ಮತ್ತೆ ಎತ್ತಿ ಹಾಕುವುದು, ಅಷ್ಟೇ.

ಮಲಗಿದ ಮೇಲೆ ಅದೇ ಚಿಂತೆ ಬಂದರೆ ಹೊಸ ಪ್ರಾರ್ಥನೆ ಆರಂಭಿಸಬೇಡಿ. "ಬರೆದಾಗಿದೆ ಕರ್ತನೇ, ನಿನ್ನ ಕೈಯಲ್ಲಿದೆ" ಎಂದು ಒಂದೇ ಸಾಲು. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ತಗ್ಗುತ್ತದೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಕೂತು ಏನಾದರೂ ಓದಿ, ಕಣ್ಣು ಎಳೆದಾಗ ಮಲಗಿ. ಹೊರಳಾಡುತ್ತ ಉಳಿದರೆ ಹಾಸಿಗೆ ಕಂಡರೇ ಚಿಂತೆ ನೆನಪಾಗುವ ರೂಢಿ ಬೀಳುತ್ತದೆ. ಪರೀಕ್ಷೆ ದಿನಗಳಲ್ಲಿ ರಾತ್ರಿ ಚಹಾ ಬಿಡಿ, ಅದರ ಪ್ರಭಾವ ಗಂಟೆಗಟ್ಟಲೆ ಉಳಿಯುತ್ತದೆ. 1 ಅರಸು 19ರಲ್ಲಿ ಪ್ರವಾದಿ ಎಲೀಯನು ಸಾಯಬೇಕೆಂದು ಬೇಡಿಕೊಂಡಾಗ ದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಮಾತುಕತೆ ಆಮೇಲೆ, ನಾಲ್ವತ್ತು ದಿನ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದ ಮೇಲೆ.

ಶನಿವಾರ ಗುಂಪಿನಲ್ಲಿ ಕೂತು ಒಬ್ಬೊಬ್ಬರೂ ಒಂದು ಚಿಂತೆ ಹೇಳಿ, ಪಕ್ಕದವರು ಅದಕ್ಕಾಗಿ ಪ್ರಾರ್ಥಿಸುವ ಕ್ರಮವಿತ್ತು. ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಗಡದವರ ಹಳೆಯ ಕ್ಲಾಸ್ ಮೀಟಿಂಗಿನ ಕ್ರಮವೇ ಇದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಸಭೆಯ ಸಾಲ ತೀರಿಸಲು ಹನ್ನೆರಡು ಜನರ ಗುಂಪುಗಳನ್ನು ಮಾಡಿ ವಾರಕ್ಕೊಂದು ಪೆನ್ನಿ ಕೂಡಿಸಿದರು. ಮನೆಮನೆಗೆ ಹೋದಾಗ ಜನರ ಕಷ್ಟಸುಖ ಕಿವಿಗೆ ಬಿತ್ತು, ಪಂಗಡದ ಮೂಲಪುರುಷ ಜಾನ್ ವೆಸ್ಲಿ ಅದನ್ನೇ ವಾರದ ಸಭೆಯಾಗಿಸಿದರು. ಗುಂಪಿನಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಈ ನಿಯಮ ಒಮ್ಮೆ ಮುರಿದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಎರಡು ವಾರ ದಾಟಿದರೂ ನಿದ್ದೆ, ಊಟ, ಓದು ಹಳಿಗೆ ಬಾರದಿದ್ದರೆ, ಸುಮ್ಮನೆ ಎದೆ ಹೊಡೆದುಕೊಂಡು ಕೈ ನಡುಗುತ್ತಿದ್ದರೆ, ಡಾಕ್ಟರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಆಗಲೇ ದೊಡ್ಡವರಿಗೆ ಹೇಳಿ. 14416 ಸರ್ಕಾರದ ಟೆಲಿ ಮಾನಸ್ ಸಂಖ್ಯೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಸುವಾರ್ತೆ ಬರೆದ ಲೂಕನು ವೈದ್ಯನಾಗಿದ್ದನು, ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ತಿಂಗಳ ಕೊನೆಯ ಶನಿವಾರ ಹಿಂದಿನ ಪುಟಗಳನ್ನು ತಿರುವಿ ಹಾಕುವುದು. ನಡೆಯದೇ ಹೋದ ಚಿಂತೆಗೆ ಒಂದು ಅಡ್ಡಗೆರೆ, ಉತ್ತರ ಸಿಕ್ಕ ಬೇಡಿಕೆಗೆ ತಾರೀಖು. ಉತ್ತರ ಬಾರದ ಸಾಲುಗಳ ಮುಂದೆ ಏನನ್ನೂ ಕಟ್ಟಿ ಬರೆಯದೆ ಖಾಲಿ ಬಿಡಿ. ನೂರು ಪುಟ ಮುಗಿದಾಗ ಆ ಸಾಲುಗಳನ್ನಷ್ಟೇ ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇಳಿಸಿಕೊಳ್ಳಿ.