ಮನೆಯಲ್ಲೇ ಬರೆದ ಚೆಸ್ ಪ್ರೋಗ್ರಾಮ್ 2000 ರೇಟಿಂಗ್ ಅಂದ್ರೆ ನಂಬಬಹುದಾ?

ಶಿರಸಿಯಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಇಂಜಿನಿಯರಿಂಗ್ ಓದುವ ಹುಡುಗರ ಅಪ್ಪಂದಿರು ಸಿಕ್ಕಾಗೆಲ್ಲ ಕೇಳುವುದು ಇದೊಂದೇ: "ಸರ್, ಇವನೇ ಬರೆದ ಪ್ರೋಗ್ರಾಮ್ 2000 ಲೆವೆಲ್ ಆಡುತ್ತಂತೆ. ಹೌದಾ?"

2000 ಅಂದರೆ ರೇಟಿಂಗ್, ಆಟದ ಬಲ ತೋರಿಸುವ ಅಂಕ. ನಾನು ತಿರುಗಿ ಕೇಳುತ್ತೇನೆ: ಎಷ್ಟು ಆಟ ಆಡಿಸಿದ್ರಿ? ಯಾರ ಜೊತೆ?

ಹೋದ ಮಳೆಗಾಲ ಒಬ್ಬ ಹುಡುಗ ನಮ್ಮ ಜಗುಲಿಯಲ್ಲಿ ಲ್ಯಾಪ್‌ಟಾಪ್ ತೆಗೆದು ಕೂತ. ತನ್ನ ಹಳೇ ಪ್ರೋಗ್ರಾಮಿಗೆ ತಾನೇ 1800 ಅಂತ ಇಟ್ಟುಕೊಂಡಿದ್ದ. ಹೊಸದು ಅದರೆದುರು ಹತ್ತು ಆಟದಲ್ಲಿ ಐದು ಗೆದ್ದು, ಐದು ಡ್ರಾ ಮಾಡಿತ್ತು. ಗೆಲುವಿಗೆ ಒಂದು, ಡ್ರಾಗೆ ಅರ್ಧ ಅಂದರೆ ಏಳೂವರೆ–ಎರಡೂವರೆ. ಗೆಲುವು-ಸೋಲಿನಿಂದ ರೇಟಿಂಗ್ ಕಟ್ಟುವ ಎಲೋ ಲೆಕ್ಕದಲ್ಲಿ ಅದು 190 ಅಂಕ ಜಾಸ್ತಿ, 1800ಕ್ಕೆ ಸೇರಿಸಿದರೆ ಹತ್ತಿರ ಹತ್ತಿರ 2000. ಲೆಕ್ಕವೇನೋ ಸರಿಯೇ ಇತ್ತು.

ಆಟಗಳನ್ನೇ ತೆರೆದು ನೋಡಿದೆವು. ಬಿಳಿ ಕಾಯಲ್ಲಿ ಆಡಿದ ಐದೂ ಗೆಲುವು, ಕರಿ ಕಾಯಲ್ಲಿ ಐದೂ ಡ್ರಾ. ಮೊದಲ ಆಟ, ಮೂರನೇ ಆಟ ಅಕ್ಕಪಕ್ಕ ಇಟ್ಟರೆ ನಡೆಗೆ ನಡೆ ಅದೇ! ಪ್ರತಿ ಸಲ ಇಷ್ಟೇ ನಡೆ ಮುಂದೆ ಯೋಚಿಸು ಅಂತ ಗೊತ್ತು ಮಾಡಿದ್ದ. ಹಾಗಾಗಿ ಎರಡೂ ಪ್ರೋಗ್ರಾಮುಗಳು ಅದದೇ ನಡೆ ಆಡಿದ್ದವು. ಹತ್ತು ಆಟ ಅಂದಿದ್ದು ನಿಜವಾಗಿ ಎರಡೇ ಆಟ. ಅಡಿಕೆ ಚೀಲದ ಬಾಯಲ್ಲಿರುವ ಒಂದೇ ಹಿಡಿಯನ್ನು ಐದು ಸಲ ನೋಡಿ ದರ ಹೇಳಿದ ಹಾಗಾಯ್ತು ಅಲ್ವಾ?

ಐವತ್ತು ಬೇರೆ ಬೇರೆ ಓಪನಿಂಗ್ (ಆಟದ ಮೊದಲ ಕೆಲವು ನಡೆ) ಕೊಟ್ಟು, ಪ್ರತಿಯೊಂದನ್ನೂ ಬಣ್ಣ ಅದಲುಬದಲು ಮಾಡಿ ಆಡಿಸಿದೆವು. ನೂರು ಆಟ, 55–45. ಅಂದರೆ 35 ಅಂಕ. ಆದರೆ ನೂರು ಆಟಕ್ಕೆ ಅಂದಾಜು 60 ಅಂಕ ಆಚೀಚೆ ಆಗಬಹುದು. ಹೊಸದೇ ಮೇಲು ಅನ್ನಲೂ ಆಗಲಿಲ್ಲ. ಈ ತಪ್ಪು ಅರ್ಧಕ್ಕೆ ಇಳಿಯಬೇಕಾದರೆ ಆಟ ನಾಲ್ಕು ಪಟ್ಟು ಬೇಕು. ಹೆಸರಾಂತ ಚೆಸ್ ಪ್ರೋಗ್ರಾಮ್ ಸ್ಟಾಕ್‌ಫಿಶ್‌ನವರು ಎರಡು–ಮೂರು ಅಂಕದ ಸುಧಾರಣೆಗೂ ಸಾವಿರಾರು ಆಟ ಆಡಿಸುವುದು ಸುಮ್ನೆ ಅಲ್ಲ.

ಕರೆಂಟ್ ಹೋಗದ ಒಂದು ರಾತ್ರಿ ನೋಡಿ ಅವನು ಸಾವಿರ ಚುಟುಕು ಆಟ ಆಡಿಸಿದ. 540–460. 28 ಅಂಕ, 20ರಷ್ಟು ಆಚೀಚೆ. ಚಿಕ್ಕದು, ಆದರೆ ಗಟ್ಟಿ. ನನಗೆ 190ಕ್ಕಿಂತ ಈ 28 ನೋಡಿಯೇ ಖುಷಿಯಾಯ್ತು.

ಆ 1800 ಎಷ್ಟು ನಿಜ ಅನ್ನುವುದು ಮಾತ್ರ ಹಾಗೇ ಉಳಿದಿದೆ. ರೇಟಿಂಗ್ ಅಂದರೆ ಅಡಿಕೆಯ ತೂಕ ಅಲ್ಲ, ಜೊತೆಗೆ ಆಡಿದವರ ಮೇಲೆ ನಿಂತ ಸಂಖ್ಯೆ. ಕಂಪ್ಯೂಟರ್ ಪ್ರೋಗ್ರಾಮುಗಳ ರೇಟಿಂಗ್ ಪಟ್ಟಿಯ 2000, ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ 2000 ಒಂದೇ ಅಲ್ಲ. ತನ್ನದೇ ಹಳೇ ಪ್ರೋಗ್ರಾಮನ್ನು ಸೋಲಿಸಿದಷ್ಟು ಸುಲಭಕ್ಕೆ ಬೇರೆಯವರದ್ದನ್ನು ಸೋಲಿಸಲೂ ಆಗುವುದಿಲ್ಲ.

ಈಗ ಹುಡುಗ ಬೇರೆಯವರು ಬರೆದ ನಾಲ್ಕು ಪ್ರೋಗ್ರಾಮ್ ಇಳಿಸಿಕೊಂಡಿದ್ದಾನೆ. ಇನ್ನೂರು ಆಟ ಮುಗಿದಿದೆ, ರೇಟಿಂಗ್ ಎಷ್ಟು ಅಂತ ಇನ್ನೂ ಹೇಳಿಲ್ಲ.