ವಿಶ್ರಾಂತಿ 2 ಅಂದರೆ ಎಷ್ಟು?

ವರ್ಕೌಟ್ ರೂಪಿಸುವ ಎಐ ಏಜೆಂಟ್‌ಗೆ ಟೂಲ್‌ಗಳ (ಕೆಲಸ ಮಾಡಿಸಲು ಅದು ಕರೆಯುವ ಚಿಕ್ಕ ಪ್ರೋಗ್ರಾಂಗಳ) ವಿವರಣೆ ಬರೆಯುವುದು ನನ್ನ ಕೆಲಸ. ಸೆಟ್ (ವ್ಯಾಯಾಮದ ಒಂದು ಸುತ್ತು) ಸೇರಿಸುವ ಟೂಲ್‌ಗೆ ‘ವಿಶ್ರಾಂತಿ: ಸಂಖ್ಯೆ’ ಅಂತಷ್ಟೇ ಬರೆದಿದ್ದೆ. ಏಜೆಂಟ್ ನಿಮಿಷ ಅಂದುಕೊಂಡು 2 ಅಂತ ಕಳಿಸಿತು. ಟೂಲ್ ಅದನ್ನು ಸೆಕೆಂಡ್ ಅಂತ ತಗೊಂಡಿತು. ಭಾರದ ಸ್ಕ್ವಾಟ್ ಆದಮೇಲೆ 2 ಸೆಕೆಂಡ್ ವಿಶ್ರಾಂತಿ! ಪುಣ್ಯಕ್ಕೆ ಟೆಸ್ಟ್‌ನಲ್ಲೇ ಸಿಕ್ಕಿತು.

ಈಗ ಹೀಗಿದೆ: ‘ಸೆಟ್‌ಗಳ ನಡುವಿನ ವಿಶ್ರಾಂತಿ, ಸೆಕೆಂಡ್‌ಗಳಲ್ಲಿ. 2 ನಿಮಿಷಕ್ಕೆ 120 ಕೊಡು.’ ತೂಕಕ್ಕೂ ಅಷ್ಟೇ. 100 ಪೌಂಡ್ ಅಂದರೆ ಸುಮಾರು 45 ಕೆಜಿ. ಪೌಂಡೋ ಕೆಜಿಯೋ ಅಂತ ಹೇಳದಿದ್ದರೆ ಯಾರದೋ ಬೆನ್ನ ಮೇಲೆ ಎರಡು ಪಟ್ಟಿಗಿಂತ ಜಾಸ್ತಿ ಭಾರ ಬೀಳಬಹುದು, ಅಲ್ವಾ?

ಟೂಲ್ ಯಾವಾಗ ಬಳಸಬಾರದು ಅನ್ನುವುದನ್ನೂ ಬರೆಯುತ್ತೇನೆ. ‘ಯಾರಾದರೂ ಮಂಡಿ ನೋವು ಅಂದರೆ ಸುಮ್ನೆ ವ್ಯಾಯಾಮ ಸೇರಿಸಬೇಡ, ಮೊದಲು ಕೇಳು.’ ಈ ಒಂದು ಸಾಲಿಗೆ ಅರ್ಧ ದಿನ ಹಿಡಿಯಿತು.