ಒಂದು ಲೋಟ ನಲ್ಲಿ ನೀರು

ಇವತ್ತು ಬೆಳಿಗ್ಗೆ ಅಡುಗೆಮನೆಯ ನಲ್ಲಿ ತಿರುಗಿಸಿ, ಒಂದು ಲೋಟ ನೀರು ಹಿಡಿದು ಹಾಗೇ ಕುಡಿದೆ. ಕುದಿಸದೆ. 53 ದಿನ ಆದಮೇಲೆ!

2024ರ ಸೆಪ್ಟೆಂಬರ್ 27ಕ್ಕೆ ಹೆಲೀನ್ ಚಂಡಮಾರುತ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ನಮ್ಮ ಆಶ್‌ವಿಲ್‌ಗೆ ಬಂದಿದ್ದು. ಬೆಟ್ಟದ ಊರು, ಸಮುದ್ರ ಎಲ್ಲೋ ದೂರ, ನಮಗೇನಾಗುತ್ತೆ ಅಂದುಕೊಂಡಿದ್ದೆವು. ಸ್ವಾನನೋವಾ ನದಿ ಮನೆಗಳನ್ನೇ ಹೊತ್ತುಕೊಂಡು ಹೋಯಿತು. ನಾರ್ತ್ ಕ್ಯಾರೊಲಿನಾ ಒಂದರಲ್ಲೇ ನೂರಕ್ಕೂ ಜಾಸ್ತಿ ಜನ ಸತ್ತರು. ಊರಿಗೆ ನೀರು ತರುವ ದೊಡ್ಡ ಪೈಪುಗಳೂ ಕೊಚ್ಚಿಹೋದವು.

ಆ ಮೊದಲ ವಾರ ಕರೆಂಟಿಲ್ಲ, ಫೋನಿಲ್ಲ. ದಿನಾ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಒಂದು ಬಕೆಟ್ ನೀರು ಇರುತ್ತಿತ್ತು. ಹಳೇ ಪೇಂಟ್ ಬಕೆಟ್, ಅಂಚಿಗೆಲ್ಲ ಒಣಗಿದ ನೀಲಿ ಬಣ್ಣ. ಮೇಲೆ ಮಾರ್ಕರಿನಲ್ಲಿ ಬರೆದಿತ್ತು: ಟಾಯ್ಲೆಟ್‌ಗೆ ಮಾತ್ರ. ಪಕ್ಕದ ಮನೆ ಹುಡುಗ ತೊರೆಯಿಂದ ಹೊತ್ತು ತರುತ್ತಿದ್ದ. ಎರಡು ವರ್ಷದಿಂದ ಅಕ್ಕಪಕ್ಕ ಇದ್ದೀವಿ, ಅವನ ಹೆಸರು ಗೊತ್ತಾಗಿದ್ದು ಆಗಲೇ. ಬೇಜಾರಾಯ್ತು. ಕ್ಯಾಂಪಿಂಗ್ ಸ್ಟವ್ ಹಚ್ಚಿ, ಬಾಟಲಿ ನೀರಲ್ಲೇ ಉಪ್ಪಿಟ್ಟು ಮಾಡಿ ಕೊಟ್ಟೆ. ಮೆಟ್ಟಿಲ ಮೇಲೆ ಕೂತು ಪೂರ್ತಿ ತಿಂದ.

ಇವತ್ತು ಬಕೆಟ್ ತೊಳೆದು ವಾಪಸ್ ಕೊಡೋಕೆ ಹೋದೆ.

"ಇಟ್ಕೊಳ್ಳಿ, ಇರಲಿ" ಅಂದ.

ವರಾಂಡದಲ್ಲೇ ಇದೆ. ಒಳಗೆ ಒಯ್ಯೋಕೆ ಮನಸ್ಸಾಗ್ತಿಲ್ಲ.